ಯಾತ್ರಾಸಂಕಲ್ಪ

ನಮ್ಮ ನಡುಮನೆಯ ಗೋಡೆಗೆ ಈಗ ಎರಡು ತಿಂಗಳಿಂದ ಒಂದು ದೊಡ್ಡ ಹಾಳೆ ಅಂಟಿಕೊಂಡಿದೆ. ಅದರ ಮೇಲೆ ಕಪ್ಪು ಮಸಿಯಲ್ಲಿ ಬರೆದದ್ದು, ಕೆಂಪು ಮಸಿಯಲ್ಲಿ ಹೊಡೆದುಹಾಕಿದ್ದು, ಹೊಡೆದುಹಾಕಿದ್ದನ್ನು ನೀಲಿ ಮಸಿಯಲ್ಲಿ ಮತ್ತೆ ಬರೆದದ್ದು, ಎಲ್ಲವೂ ಉಂಟು. ಕೆಳಗಡೆಯ ಮೂಲೆಯಲ್ಲಿ ನಾಲ್ಕು ವರ್ಷದ ಮೊಮ್ಮಗನು ತನ್ನ ಪಾಲಿನ ಸೂಚನೆಯಾಗಿ ಒಂದು ತಿಮಿಂಗಿಲವನ್ನು ಬರೆದಿದ್ದಾನೆ. ಬಂದವರು ಅದನ್ನು ನೋಡಿ, “ಇದೇನು ಮೇಷ್ಟ್ರೇ, ಪಂಚಾಂಗವೋ?” ಎಂದು ಕೇಳುತ್ತಾರೆ. ಪಂಚಾಂಗವಲ್ಲ; ಬರುವ ಮೇ ತಿಂಗಳಲ್ಲಿ ನಾವು ಐದು ಮಂದಿ ಯೂರೋಪಿನ ಮಹಾನಗರಗಳನ್ನು ನೋಡಿ ಬರುವ ಯಾತ್ರೆಯ ಪಟ್ಟಿ.

ಬೆಂಗಳೂರಿನಲ್ಲಿರುವ ನನ್ನ ಮಗನು ದೀಪಾವಳಿಗೆ ಊರಿಗೆ ಬಂದಿದ್ದಾಗ ಈ ಪ್ರಸ್ತಾಪ ಹುಟ್ಟಿತು. ಅವನಿಗೂ ಸೊಸೆಗೂ ಒಟ್ಟಿಗೆ ಹದಿನೈದು ದಿನದ ರಜ ಸಿಕ್ಕುವುದೆಂದೂ, ಮಕ್ಕಳಿಗೆ ಆಗ ಬೇಸಗೆಯ ಬಿಡುವೆಂದೂ, ನಾನೂ ಅವನ ತಾಯಿಯೂ ಜೊತೆಗೆ ಬರಬೇಕೆಂದೂ ಹೇಳಿದನು. “ನನಗೆ ಮೊಣಕಾಲು ಇಲ್ಲ. ಇನ್ನು ಅಲೆದಾಟದ ವಿಷಯ ಎತ್ತಿದರೆ ನನಗೆ ಐಹೊಳೆಯೇ ಸಾಕು” ಎಂದು ನನ್ನ ಮನೆಯವಳು ಹಪ್ಪಳ ಕರಿಯುತ್ತಲೇ ಒಂದು ಮಾತಿನಲ್ಲಿ ತೀರಿಸಿಬಿಟ್ಟಳು. ಆ ಮಾತಿನ ಕೊನೆಯ ಭಾಗವನ್ನು ನಾನು ಅಂದು ಕಿವಿಗೆ ಹಾಕಿಕೊಳ್ಳಲಿಲ್ಲ. ಹೀಗೆ ಐವರೆಂದು ನಾನು ಮೇಲೆ ಎಣಿಸಿದ್ದು ಮಗ, ಸೊಸೆ, ಏಳು ವರ್ಷದ ಮೊಮ್ಮಗಳು, ನಾಲ್ಕು ವರ್ಷದ ಮೊಮ್ಮಗ, ಮತ್ತು ನಾನು.

“ಏನೇನು ನೋಡಬೇಕೆಂಬುದನ್ನು ನೀವೇ ಗೊತ್ತುಮಾಡಿ ಅಪ್ಪಾ. ನೀವು ಓದಿದಷ್ಟು ನಾವು ಓದಿಲ್ಲ” ಎಂದು ಮಗನು ಹೇಳಿದನು. ಇಂಥ ಮಾತನ್ನು ನಿವೃತ್ತನಾದ ಉಪಾಧ್ಯಾಯನಿಗೆ ಯಾರೂ ಹೇಳಬಾರದು. ಪಾಠಶಾಲೆಯಲ್ಲಿ ನನಗೆ ಕಾವ್ಯ ಹೇಳಿಕೊಟ್ಟ ಗುರುಗಳು ಸಮುದ್ರಯಾನದ ನಿಷೇಧವನ್ನು ಅಕ್ಷರಶಃ ನಂಬಿದ್ದವರು; ಅವರ ಶಿಷ್ಯನಾದ ನಾನು, ಸಂಕಲ್ಪ ಹೇಳುವಾಗ ಲಂಡನ್ನನ್ನು ಯಾವ ದ್ವೀಪದಲ್ಲಿ ಸೇರಿಸಬೇಕೆಂಬ ಚಿಂತೆಯನ್ನು ಸಹ ಬಿಟ್ಟು, ಅದೇ ರಾತ್ರಿ ಪಟ್ಟಿಯನ್ನು ಬರೆಯಲು ಕುಳಿತೆ. ನಲವತ್ತು ವರ್ಷಗಳಿಂದ ಪುಸ್ತಕಗಳಲ್ಲಿ ಮಾತ್ರ ಕಂಡಿದ್ದ ಊರುಗಳು. ಲಂಡನ್ನಿಗೆ ಮೂರು ದಿನ, ಪ್ಯಾರಿಸ್ಸಿಗೆ ಮೂರು, ಆಮ್‌ಸ್ಟರ್‌ಡಾಮಿಗೆ ಒಂದು, ಬರ್ಲಿನ್ನಿಗೆ ಎರಡು, ವಿಯೆನ್ನಾಕ್ಕೆ ಎರಡು, ರೋಮಿಗೆ ನಾಲ್ಕು. ಕೂಡಿಸಿದರೆ ಸರಿಯಾಗಿ ಹದಿನೈದು! ಒಂದೊಂದು ದಿನವನ್ನೂ ಶಾಲೆಯ ವೇಳಾಪಟ್ಟಿಯಂತೆ ಮುಕ್ಕಾಲು ಗಂಟೆಯ ತುಂಡುಗಳಾಗಿ ವಿಭಾಗಿಸಿದೆ. ಬ್ರಿಟಿಷ್ ಮ್ಯೂಸಿಯಂ ಒಂಬತ್ತು ತುಂಡು. ಲೂವ್ರ್ ಹತ್ತು ತುಂಡು.

ಮಾರನೆಯ ಬೆಳಗ್ಗೆ ಸೊಸೆಯು ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಓದಿ, ಬಹಳ ವಿನಯದಿಂದ, “ಮಾವ, ಇದರಲ್ಲಿ ಮಕ್ಕಳನ್ನು ಕಕ್ಕಸಿಗೆ ಕರೆದುಕೊಂಡು ಹೋಗುವ ಪೀರಿಯಡ್ಡು ಯಾವುದು?” ಎಂದು ಕೇಳಿದಳು. ಎಲ್ಲರೂ ನಕ್ಕರು. ನನ್ನ ಮಗನು ನಗಲಿಲ್ಲ. ಹಾಳೆಯ ಮುಂದೆ ಸುಮ್ಮನೆ ನಿಂತಿದ್ದು ಹೊರಗೆ ಹೋದನು.

ಆ ಮೌನ ನನಗೆ ಹಿತವಾಗಿ ಕಾಣಲಿಲ್ಲ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ನಾವಿಬ್ಬರೇ ಕುಳಿತಿದ್ದಾಗ, “ಪಟ್ಟಿಯಲ್ಲಿ ದೋಷವೇನು ಹೇಳು” ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ತಡೆದು, “ಅಪ್ಪಾ, ನಿಮಗೆ ಐಹೊಳೆ ನೆನಪಿದೆಯೇ?” ಎಂದನು.

ನೆನಪಿಲ್ಲದೆ ಏನು? 1994ನೆಯ ಇಸವಿಯ ಮೇ ತಿಂಗಳು. ಅವನಿಗೆ ಆಗ ಏಳು ವರ್ಷ. ಇಂದು ಅವನ ಮಗಳಿಗೆ ಎಷ್ಟೋ ಅಷ್ಟೇ. ಹಂಪೆ, ಬಾದಾಮಿ, ಪಟ್ಟದಕಲ್ಲು, ಐಹೊಳೆ ಎಲ್ಲವನ್ನೂ ಐದು ದಿನಗಳಲ್ಲಿ ಮುಗಿಸಬೇಕೆಂದು ನಾನು ಹೊರಟಿದ್ದೆ. ಐಹೊಳೆಗೆ ಹೋಗುವುದರಲ್ಲಿ ನನ್ನ ಮುಖ್ಯ ಉದ್ದೇಶ ಮೇಗುಟಿ. ಗುಡ್ಡದ ಮೇಲಿನ ಆ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿಯು 634ರಲ್ಲಿ ಇಮ್ಮಡಿ ಪುಲಕೇಶಿಯನ್ನು ಕುರಿತು ಬರೆಸಿದ ಸಂಸ್ಕೃತ ಪ್ರಶಸ್ತಿ ಇದೆ. ತನ್ನನ್ನು ಕಾಳಿದಾಸ ಭಾರವಿಗಳಿಗೆ ಸಮನೆಂದು ಆ ಕವಿ ಹೇಳಿಕೊಂಡಿರುವ ಶಾಸನ ಅದು. ಅದನ್ನು ಕಣ್ಣಾರೆ ಓದಬೇಕೆಂಬುದು ನನ್ನ ಪಾಠಶಾಲೆಯ ದಿನಗಳ ಆಸೆ. ನಾವು ಗುಡ್ಡದ ಬುಡವನ್ನು ಸೇರಿದಾಗ ನಡುಹಗಲು. ಹುಡುಗ ಬಸ್ಸಿನಲ್ಲಿಯೇ ವಾಂತಿ ಮಾಡಿಕೊಂಡಿದ್ದ, ಮುಖ ಕೆಂಪಾಗಿತ್ತು. “ಇವನಿಗೆ ಮೈ ಬಿಸಿಯಾಗಿದೆ, ಹಿಂದಿರುಗೋಣ” ಎಂದು ಅವನ ತಾಯಿ ಹೇಳಿದಳು. “ಇಷ್ಟು ದೂರ ಬಂದು ಶಾಸನ ನೋಡದೆ ಹೋಗುವುದುಂಟೆ? ಮತ್ತೆ ಯಾವಾಗ ಬರುತ್ತೇವೆ?” ಎಂದು ನಾನು ಗದರಿ, ಅವರಿಬ್ಬರನ್ನೂ ಒಂದು ಮನೆಯ ಜಗಲಿಯ ಮೇಲೆ ಕೂರಿಸಿ, ಒಬ್ಬನೇ ಮೆಟ್ಟಿಲು ಹತ್ತಿದೆ. ಮೇಲೆ ಒಂದು ಗಂಟೆಯ ಮೇಲೆ ಇದ್ದೆನೆಂದು ತೋರುತ್ತದೆ. ಕೆಲವು ಸಾಲುಗಳನ್ನು ಬರೆದುಕೊಂಡೆ. ಇಳಿದು ಬಂದಾಗ ಆ ಮನೆಯ ಮುದುಕಿ ಹುಡುಗನನ್ನು ಚಾಪೆಯ ಮೇಲೆ ಮಲಗಿಸಿ ಹಣೆಗೆ ಒದ್ದೆಬಟ್ಟೆ ಹಾಕಿದ್ದಳು. ಜ್ವರ ಏರಿ ಅವನು ಏನೇನೋ ಬಡಬಡಿಸುತ್ತಿದ್ದ. ಆ ರಾತ್ರಿಯನ್ನು ನಾವು ಆ ಮನೆಯಲ್ಲಿಯೇ ಕಳೆದೆವು. ಬಾದಾಮಿಗೆ ಬರುವವರೆಗೆ ನನ್ನ ಮನೆಯವಳು ನನ್ನೊಡನೆ ಮಾತನಾಡಲಿಲ್ಲ. ಹುಡುಗನಿಗೆ ಇದೆಲ್ಲ ಮರೆತುಹೋಗಿರಬೇಕೆಂದು ನಾನು ಭಾವಿಸಿದ್ದೆ. ಹಾಗೆ ಭಾವಿಸುವುದು ಅನುಕೂಲವಾಗಿತ್ತು.

“ಐಹೊಳೆ ಎಂದರೆ ನನಗೆ ಇರುವ ನೆನಪು ಮೂರೇ” ಎಂದು ಮಗನು ಹೇಳಿದನು. “ಆ ಅಜ್ಜಿ ಕೊಟ್ಟ ಮಜ್ಜಿಗೆ. ಕಂಬಕ್ಕೆ ಕಟ್ಟಿದ್ದ ಒಂದು ಮೇಕೆಮರಿ. ಮತ್ತೆ, ನೀವು ಗುಡ್ಡ ಹತ್ತುತ್ತಿದ್ದುದು. ಜಗಲಿಯಿಂದ ಕಾಣುತ್ತಿತ್ತು. ಒಂದು ಸಲ ತಿರುಗಿ ನೋಡುತ್ತೀರೆಂದು ಕಾದೆ.”

ಅವನ ಸ್ವರದಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು.

ಹಾಳೆಯ ಮೇಲೆ ಕೆಂಪು ಮಸಿ ಬಿದ್ದದ್ದು ಮಾರನೆಯ ದಿನದಿಂದ. ವಿಯೆನ್ನಾ, ಬರ್ಲಿನ್, ಆಮ್‌ಸ್ಟರ್‌ಡಾಮುಗಳು ಒಂದೇ ಗೆರೆಯಲ್ಲಿ ಹೋದವು. ಅವು ಹೋದದ್ದಕ್ಕೆ ನನಗೆ ಅಷ್ಟು ನೋವಾಗಲಿಲ್ಲ. ರೋಮಿನ ವಿಷಯ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನಿದ್ದೆಯ ಲೆಕ್ಕ. ದೊಡ್ಡವರು ಇದನ್ನು ಯೋಚಿಸುವುದೇ ಇಲ್ಲ. ಮೇ ತಿಂಗಳಲ್ಲಿ ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಒಂಬತ್ತಕ್ಕೆ ಮಲಗುವ ಮಗು ಅಲ್ಲಿ ಮಧ್ಯಾಹ್ನ ನಾಲ್ಕೂವರೆಗೆ ತೂಕಡಿಸುತ್ತದೆ. ಇಲ್ಲಿ ಬೆಳಗ್ಗೆ ಆರಕ್ಕೆ ಏಳುವುದು ಅಲ್ಲಿ ನಡುರಾತ್ರಿ ಒಂದೂವರೆಗೆ ಎದ್ದು ಕುಳಿತು ದೋಸೆ ಕೇಳುತ್ತದೆ. ಬೆಂಗಳೂರಿನಿಂದ ನೇರವಾಗಿ ಹೋಗುವ ವಿಮಾನದಲ್ಲಿಯೂ ಹತ್ತು ಹನ್ನೊಂದು ಗಂಟೆ ಕುಳಿತ ದಣಿವು ಇದರ ಮೇಲೆ. ಸಾಲದ್ದಕ್ಕೆ, ಮೇ ನಡುವಿನಲ್ಲಿ ಪ್ಯಾರಿಸ್ಸಿನಲ್ಲಿ ಸೂರ್ಯಾಸ್ತವಾಗುವುದು ರಾತ್ರಿ ಒಂಬತ್ತೂ ಕಾಲು ದಾಟಿದ ಮೇಲೆ. ಬೆಳಕಿರುವಾಗ ಮಲಗು ಎಂದರೆ ಯಾವ ಮಗು ಕೇಳೀತು? ಸಾಯಂಸಂಧ್ಯೆಯನ್ನು ಊಟಕ್ಕೆ ಮೊದಲು ಮಾಡುವುದೋ ಆಮೇಲೆ ಮಾಡುವುದೋ ಎಂಬ ನನ್ನ ಸ್ವಂತ ತೊಡಕೂ ಅದರಲ್ಲಿಯೇ ಇದೆ. ಅದನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಈ ಲೆಕ್ಕದ ಫಲವಾಗಿ ಮೊದಲ ಎರಡು ದಿನಗಳ ಮುಂದೆ “ಉದ್ಯಾನ” ಎಂದು ಮಾತ್ರ ಬರೆದಿದೆ. ಲಂಡನ್ನಿನ ಕೆನ್ಸಿಂಗ್ಟನ್ ಉದ್ಯಾನದಲ್ಲಿ ಮಕ್ಕಳಿಗಾಗಿ ಮರದ ಕಡಲುಗಳ್ಳರ ಹಡಗೊಂದನ್ನು ನಿಲ್ಲಿಸಿ ಆಟದ ಬಯಲೊಂದನ್ನು 2000ದಲ್ಲಿ ಮಾಡಿದ್ದಾರೆ. ಬಿದ್ದರೆ ಮರಳಿನ ಮೇಲೆ ಬೀಳುತ್ತಾರೆ.

ಅಲ್ಲಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ, 1881ರಲ್ಲಿ ತೆರೆದ ಪ್ರಾಣಿಶಾಸ್ತ್ರಾದಿಗಳ ದೊಡ್ಡ ವಸ್ತುಸಂಗ್ರಹಾಲಯವಿದೆ, ಪ್ರವೇಶಕ್ಕೆ ಹಣವಿಲ್ಲ. ಅದರ ನಡುಹಜಾರದಲ್ಲಿ 2017ರಿಂದ ನೀಲಿ ತಿಮಿಂಗಿಲದ ನಿಜವಾದ ಅಸ್ಥಿಪಂಜರವನ್ನು ತೂಗುಹಾಕಿದ್ದಾರೆ. ಉದ್ದ 25.2 ಮೀಟರು. ಈ ಅಂಕಿಯನ್ನು ಓದಿ ಹೇಳಿದಾಗ ಮಕ್ಕಳ ಮುಖದಲ್ಲಿ ಏನೂ ಆಗಲಿಲ್ಲ. ಆಗ ನಾನು ಬಾವಿಯ ಹಗ್ಗವನ್ನು ತಂದು, ಮೀಟರುಕೋಲಿನಿಂದ ಅಳೆದು ಗುರುತುಮಾಡಿ, ಒಂದು ತುದಿಯನ್ನು ಮೊಮ್ಮಗಳ ಕೈಯಲ್ಲಿ ಕೊಟ್ಟು ಹಿತ್ತಿಲ ಬಾಗಿಲಲ್ಲಿ ನಿಲ್ಲಿಸಿದೆ. ಮೊಮ್ಮಗ ಇನ್ನೊಂದು ತುದಿ ಹಿಡಿದು ಹೊರಟ. ಅಡಿಗೆಮನೆ ದಾಟಿತು, ನಡುಮನೆ ದಾಟಿತು, ಜಗಲಿ, ಅಂಗಳ, ತುಳಸಿಕಟ್ಟೆ ದಾಟಿತು. ಗೇಟನ್ನು ತೆರೆದು ಬೀದಿಯಲ್ಲಿ ನಾಲ್ಕು ಹೆಜ್ಜೆ ಹೋದ ಮೇಲೆ ಹಗ್ಗ ಬಿಗಿಯಾಯಿತು. “ಅಜ್ಜ, ಅದರ ಬಾಲ ರಸ್ತೆಯಲ್ಲಿದೆ!” ಎಂದು ಅವನು ಕೂಗಿದ್ದು ಎದುರುಮನೆಯವರಿಗೂ ಕೇಳಿಸಿತು. ಹಾಳೆಯ ಮೂಲೆಯ ತಿಮಿಂಗಿಲ ಹುಟ್ಟಿದ್ದು ಅಂದು. ಮೂವತ್ತಮೂರು ವರ್ಷ ಪಾಠ ಹೇಳಿದ ನನಗೆ ಇಂಥ ಪಾಠವನ್ನು ಹೇಳಬಹುದೆಂದು ಒಂದು ಸಲವಾದರೂ ತೋಚಲಿಲ್ಲವಲ್ಲ ಎಂದು ಆ ಹೊತ್ತಿನಲ್ಲಿ ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ.

ಬ್ರಿಟಿಷ್ ಮ್ಯೂಸಿಯಮ್ಮಿನ ಒಂಬತ್ತು ತುಂಡುಗಳು ಎರಡಾಗಿವೆ. ಒಂದು ಮೊಮ್ಮಗಳಿಗೆ ಬೇಕಾದ ಈಜಿಪ್ಟಿನ ಹೆಣಗಳು. ಇನ್ನೊಂದು ನನಗೆ ಬೇಕಾದ ಅಮರಾವತಿಯ ಶಿಲ್ಪಗಳು. ಕೃಷ್ಣಾತೀರದ ಕಲ್ಲು ಥೇಮ್ಸ್ ತೀರಕ್ಕೆ ಹೋದ ಕಥೆಯನ್ನು ಅವಳಿಗೆ ಹೇಳಬೇಕೆಂದಿದ್ದೇನೆ; ಕೇಳಿದರೆ ಹೇಳುವುದು, ಕೇಳದಿದ್ದರೆ ಇಲ್ಲ. ಥೇಮ್ಸ್ ನದಿಯ ದಡದಲ್ಲಿಯೇ, ಪಾರ್ಲಿಮೆಂಟಿನ ಆಚೆ ದಡದ ಲ್ಯಾಂಬೆತ್ ಭಾಗದಲ್ಲಿ, 2015ರ ನವೆಂಬರಿನಲ್ಲಿ ಅನಾವರಣವಾದ ಬಸವೇಶ್ವರರ ಪ್ರತಿಮೆ ಇದೆ. ಒಂದು ಸಂಜೆ ಅಲ್ಲಿಯವರೆಗೆ ನಡೆಯುವುದು. ಉಳಿದಂತೆ ಲಂಡನ್ನಿನಲ್ಲಿ ಕೆಂಪು ಬಸ್ಸಿನ ಮೇಲಟ್ಟದ ಮುಂದಿನ ಆಸನವೇ ಮಕ್ಕಳಿಗೆ ನಗರದರ್ಶನ. ಹನ್ನೊಂದು ವರ್ಷದೊಳಗಿನವರಿಗೆ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ದೊಡ್ಡವರ ಜೊತೆಗಿದ್ದರೆ ನೆಲದೊಳಗಿನ ರೈಲಿನಲ್ಲಿಯೂ ಇಲ್ಲ. ಆ ರೈಲು 1863ರದು, ಪ್ರಪಂಚಕ್ಕೆಲ್ಲ ಮೊದಲನೆಯದು. ಹಳೆಯದಾದ್ದರಿಂದಲೇ ಅನೇಕ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ಪ್ಯಾರಿಸ್ಸಿನ ಮೆಟ್ರೋ 1900ರದು; ಅಲ್ಲಿ ಎಲ್ಲ ನಿಲ್ದಾಣಗಳಲ್ಲಿಯೂ ಲಿಫ್ಟ್ ಇರುವುದು ಹದಿನಾಲ್ಕನೆಯ ಮಾರ್ಗ ಒಂದರಲ್ಲಿ. ತಳ್ಳುಗಾಡಿಯಲ್ಲಿ ಮಲಗಿದ ಹುಡುಗನನ್ನು ಗಾಡಿಸಹಿತ ಎತ್ತಿಕೊಂಡು ಮೆಟ್ಟಿಲು ಏರಿಳಿಯುವವರಾರು? ನನ್ನ ಮಗನು ನನ್ನ ಮುಖವನ್ನು ನೋಡಲಿಲ್ಲ. ಅದು ಅವನ ದೊಡ್ಡತನ. ಪ್ಯಾರಿಸ್ಸಿನಲ್ಲಿಯೂ ಬಸ್ಸೇ ಎಂದು ಬರೆದೆವು.

ಲಂಡನ್ನಿನಿಂದ ಪ್ಯಾರಿಸ್ಸಿಗೆ ರೈಲಿನಲ್ಲಿ ಎರಡೂ ಕಾಲು ಗಂಟೆಯ ಆಚೀಚೆ. ನಡುವೆ ಐವತ್ತು ಕಿಲೋಮೀಟರು ಉದ್ದದ ಸುರಂಗ; ಅದರಲ್ಲಿ ಮೂವತ್ತೆಂಟರಷ್ಟು ಸಮುದ್ರದ ತಳದಲ್ಲಿ. ಮೀನು ಕಾಣುವುದೇ ಎಂದು ಮೊಮ್ಮಗ ಕೇಳಿದ. ಕತ್ತಲೆ ಮಾತ್ರ ಕಾಣುವುದೆಂದು ಈಗಲೇ ಹೇಳಿಟ್ಟಿದ್ದೇವೆ. ಆ ಸುರಂಗ ಉದ್ಘಾಟನೆಯಾದದ್ದು ಯಾವಾಗ ಎಂದು ನೋಡಿದರೆ, 1994ರ ಮೇ ತಿಂಗಳು! ಪ್ರಪಂಚದಲ್ಲಿ ಒಂದೇ ತಿಂಗಳಿನಲ್ಲಿ ಏನೇನು ನಡೆಯುತ್ತಿರುತ್ತದೆಯೋ.

ಪ್ಯಾರಿಸ್ಸಿನ ಲೂವ್ರ್ ಮಂಗಳವಾರ ಮುಚ್ಚಿರುತ್ತದೆ. ನನ್ನ ಮೊದಲ ಪಟ್ಟಿಯಲ್ಲಿ ಅದಕ್ಕೆ ಇಟ್ಟಿದ್ದ ದಿನ ಮಂಗಳವಾರವೇ ಆಗಿತ್ತೆಂದು ಸೊಸೆ ತೋರಿಸಿಕೊಟ್ಟಳು. ಹದಿನೆಂಟರೊಳಗಿನವರಿಗೆ ಅಲ್ಲಿ ಪ್ರವೇಶ ಉಚಿತ. ಆದರೆ ಹೋದವರೆಲ್ಲರೂ ನೋಡಲೇಬೇಕೆನ್ನುವ ಮೋನಾ ಲೀಸಾ ಚಿತ್ರದ ಎತ್ತರ ಎಪ್ಪತ್ತೇಳು ಸೆಂಟಿಮೀಟರು, ಅಗಲ ಐವತ್ತಮೂರು. ಅದರ ಮುಂದೆ ನಮ್ಮ ಜಾತ್ರೆಯ ತೇರಿನ ಮುಂದಿನ ಜನಸಂದಣಿ. ನಾಲ್ಕು ವರ್ಷದವನಿಗೆ ಕಾಣುವುದು ಪರರ ಮಂಡಿಗಳು. ಹಾಗಾಗಿ ಅದನ್ನು ಬಿಟ್ಟು, ಅರಮನೆಯ ನೆಲಮಾಳಿಗೆಯಲ್ಲಿ ಅಗೆದು ತೆಗೆದಿರುವ ಹನ್ನೆರಡನೆಯ ಶತಮಾನದ ಕೋಟೆಯ ಬುಡ, ಕಂದಕ, ಒಂದು ಸ್ಫಿಂಕ್ಸು, ಮೆಟ್ಟಿಲ ಮೇಲಿನ ತಲೆಯಿಲ್ಲದ ರೆಕ್ಕೆಯ ವಿಜಯದೇವಿ, ಇಷ್ಟು. ಒಂದು ಗಂಟೆ. ಅನಂತರ ಲಕ್ಸೆಂಬರ್ಗ್ ಉದ್ಯಾನ. ಅಲ್ಲಿಯ ಎಂಟು ಮೂಲೆಯ ಕೊಳದಲ್ಲಿ ಮಕ್ಕಳು ಬಾಡಿಗೆಗೆ ಪಡೆದ ಹಾಯಿದೋಣಿಗಳನ್ನು ಕೋಲಿನಿಂದ ನೂಕಿ, ಗಾಳಿ ಅವನ್ನು ಎಲ್ಲಿಗೆ ಒಯ್ಯುವುದೋ ಅಲ್ಲಿಗೆ ಓಡುತ್ತಾರಂತೆ. ಇದಕ್ಕೆ ಎಷ್ಟು ಹೊತ್ತು ಎಂಬ ಕೋಷ್ಠಕವನ್ನು ಸೊಸೆ ಖಾಲಿ ಬಿಡಿಸಿದ್ದಾಳೆ.

ಪರವಾನಗಿಯ ವಿಷಯದಲ್ಲಿ ಹೆಚ್ಚು ಬರೆಯುವುದಿಲ್ಲ; ಬೇಕಾದವರಿಗೆ ಇಷ್ಟು ಸಾಕು. ಬ್ರಿಟನ್ನಿಗೊಂದು ವೀಸಾ, ಫ್ರಾನ್ಸು ಮೊದಲಾದ ಷೆಂಗೆನ್ ದೇಶಗಳಿಗೆ ಬೇರೊಂದು. ಬ್ರಿಟನ್ನಿನಲ್ಲಿ ಕೂಸಿಗೂ ಮುದುಕನಿಗೂ ಒಂದೇ ಶುಲ್ಕ. ಷೆಂಗೆನ್ನಿನವರು 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡರೊಳಗಿನವರಿಗೆ 45, ಆರರೊಳಗಿನವರಿಗೆ ಇಲ್ಲ ಎಂದು ಮಾಡಿದ್ದಾರೆ. ನಮ್ಮ ಐವರಿಗೆ 315. ಕಾಯಿಲೆಯ ವೆಚ್ಚಕ್ಕೆ ಕನಿಷ್ಠ ಪಕ್ಷ 30,000 ಯೂರೋ ವಿಮೆ ಇರಬೇಕು. ಈ ನಿಯಮವನ್ನು ಓದಿದಾಗ ನನ್ನ ಮನೆಯವಳು, “ಜ್ವರ ಬರಬಹುದೆಂದು ಮೊದಲೇ ಯೋಚಿಸಿದ್ದಾರೆ, ಬುದ್ಧಿವಂತರು” ಎಂದಳು. ಹುಡುಗನ ಭಾವಚಿತ್ರ ತೆಗೆಸುವುದೇ ಒಂದು ಪ್ರಯಾಸವಾಯಿತು. ನಗಬಾರದೆಂದು ನಿಯಮ, ನಗಬೇಡ ಎಂದೊಡನೆ ಅವನಿಗೆ ನಗು ಬರುತ್ತದೆ. ಏಳನೆಯ ಸಲ, ಅವನು ಹಸಿದ ಮೇಲೆ, ಚಿತ್ರ ಸರಿಯಾಗಿ ಬಂದಿತು.

ರೋಮು ಹಾಳೆಯ ಮೇಲೆ ಒಂದು ತಿಂಗಳು ಉಳಿದಿತ್ತು. ನಾಲ್ಕು ದಿನವಾಗಿದ್ದದ್ದು ಮೂರಾಯಿತು, ಎರಡಾಯಿತು. ಯಾರೂ ಬೇಡವೆನ್ನಲಿಲ್ಲ. ನನಗೆ ಅಲ್ಲಿ ಬೇಕಾಗಿದ್ದದ್ದು ಮುಖ್ಯವಾಗಿ ಪ್ಯಾಂಥಿಯನ್. ಹೇಡ್ರಿಯನ್ ಚಕ್ರವರ್ತಿಯ ಕಾಲದ ಆ ಗುಡಿಯ ಗುಮ್ಮಟದ ಅಡ್ಡಳತೆ 43.3 ಮೀಟರು; ನೆಲದಿಂದ ಅದರ ನೆತ್ತಿಯ ಎತ್ತರವೂ ಅಷ್ಟೇ. ನೆತ್ತಿಯಲ್ಲಿ ಬಯಲಾದ ಒಂದು ದುಂಡು ಕಂಡಿ. ಮಳೆ ಬಂದರೆ ಒಳಗೇ ಬೀಳುತ್ತದೆ. ನೆಲದಲ್ಲಿ ನೀರು ಹೋಗಲು ರಂಧ್ರಗಳಿವೆ. ಹತ್ತೊಂಬತ್ತು ಶತಮಾನಗಳಿಂದ ಹೀಗೆಯೇ ನಿಂತಿದೆ. ಇದನ್ನು ನೋಡದೆ ಸಾಯಬಾರದೆಂದು ನಾನು ಇಪ್ಪತ್ತೈದನೆಯ ವಯಸ್ಸಿನಲ್ಲಿ ಒಂದು ಪುಸ್ತಕದ ಅಂಚಿನಲ್ಲಿ ಬರೆದಿದ್ದೆ. ಪುಸ್ತಕ ಈಗಲೂ ಇದೆ. ಆದರೆ ರೋಮಿಗೆ ಎರಡು ದಿನ ಕೊಟ್ಟರೆ, ಹೋಗುವ ಬರುವ ವಿಮಾನಗಳಿಗಾಗಿ ಮಕ್ಕಳನ್ನು ಎರಡು ಬೆಳಗ್ಗೆ ನಾಲ್ಕು ಗಂಟೆಗೆ ಎಬ್ಬಿಸಬೇಕು. ಲಕ್ಸೆಂಬರ್ಗ್ ಕೊಳದ ಮಧ್ಯಾಹ್ನ ಹೋಗುತ್ತದೆ. ಬಟ್ಟೆ ಒಗೆಯುವ ದಿನ ಹೋಗುತ್ತದೆ. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೇ ಎದ್ದು ಅದನ್ನು ಹೊಡೆದುಹಾಕಿದೆ. ಬೆಳಗ್ಗೆ ಮಗನಿಗೆ ಫೋನಿನಲ್ಲಿ ತಿಳಿಸಿದಾಗ ಅವನು, “ಏಕೆ ಅಪ್ಪಾ, ಎರಡು ದಿನ ಹೇಗೋ ಆಗುತ್ತಿತ್ತು” ಎಂದನು. ಹೇಗೋ ಎಂಬ ಮಾತು ನನಗೆ ಸಾಕಾಯಿತು.

ಈಗ ಲಂಡನ್ ಏಳು ದಿನ, ಪ್ಯಾರಿಸ್ ಆರು, ಉಳಿದೆರಡು ದಾರಿಗೆ. ಸಂಕ್ರಾಂತಿಗೆ ಬಂದಾಗ ಮಗನು ಹಾಳೆಯಲ್ಲಿ ನೀಲಿ ಮಸಿಯಲ್ಲಿ ಒಂದು ಸಾಲು ಸೇರಿಸಿದ್ದಾನೆ: “ಲಂಡನ್, ಐದನೆಯ ದಿನ, ಬೆಳಗ್ಗೆ: ಅಪ್ಪ ಒಬ್ಬರೇ, ಗ್ರಂಥಾಲಯ.” ಪ್ಯಾರಿಸ್ಸಿನ ರೈಲು ಹೊರಡುವ ನಿಲ್ದಾಣದ ಪಕ್ಕದಲ್ಲಿಯೇ ಬ್ರಿಟಿಷ್ ಲೈಬ್ರರಿ ಇದೆ. ಕಂಪನಿ ಸರ್ಕಾರದ ಅಧಿಕಾರಿಯಾಗಿ ಇಲ್ಲಿದ್ದ ಕೋಲ್‌ಬ್ರೂಕ್ ಎಂಬ ವಿದ್ವಾಂಸನು ಸಂಗ್ರಹಿಸಿ 1819ರಲ್ಲಿ ಕಂಪನಿಯ ಪುಸ್ತಕಶಾಲೆಗೆ ಕೊಟ್ಟ ಸಂಸ್ಕೃತ ಹಸ್ತಪ್ರತಿಗಳು ಈಗ ಅಲ್ಲಿರುವುವು. ನಾನು ಈ ಮಾತನ್ನು ಅವನ ಬಾಲ್ಯದಲ್ಲಿ ಎಷ್ಟು ಸಲ ಹೇಳಿದ್ದೆನೋ! ಓದುವ ಕೊಠಡಿಗೆ ಮಕ್ಕಳಿಗೆ ಪ್ರವೇಶವಿಲ್ಲ. ನಾನು ಆ ಸಾಲನ್ನು ಹೊಡೆದುಹಾಕಿದೆ. ಅವನು ಮತ್ತೆ ಬರೆದ. “ನಾನು ಒಳಗೆ ಹೋದರೆ ಹೊತ್ತು ತಿಳಿಯುವುದಿಲ್ಲ, ನಿನಗೆ ಗೊತ್ತಿದೆ” ಎಂದೆ. “ಹನ್ನೆರಡು ಗಂಟೆಗೆ ಬಂದುಬಿಡಿ, ನಾವು ಅಂಗಳದಲ್ಲಿ ಇರುತ್ತೇವೆ” ಎಂದನು. ಇದನ್ನು ಕೇಳುತ್ತಿದ್ದ ಮೊಮ್ಮಗಳು, “ನಾನು ಬಾಗಿಲಲ್ಲೇ ನಿಂತಿರುತ್ತೇನೆ ಅಜ್ಜ” ಎಂದಳು. ಹಸ್ತಪ್ರತಿ ಕೇಳುವ ಚೀಟಿಗೆ ಏನೇನು ಬೇಕೆಂದು ವಿಚಾರಿಸುತ್ತಿದ್ದೇನೆ. ಒಂದೇ ಒಂದು ಕಟ್ಟನ್ನು ಕೇಳುವುದೆಂದು ನಿಶ್ಚಯಿಸಿದ್ದೇನೆ.

ಇನ್ನು ಉಳಿದದ್ದು ಆಹಾರ. ಪ್ಯಾರಿಸ್ಸಿನ ಉತ್ತರದ ರೈಲುನಿಲ್ದಾಣದ ಹಿಂದಿನ ಬೀದಿಗಳಲ್ಲಿ ತಮಿಳರ ಅಂಗಡಿಗಳೂ ಊಟದ ಮನೆಗಳೂ ಬೇಕಾದಷ್ಟಿವೆ. ಹತ್ತಿರದಲ್ಲಿಯೇ 1985ರಿಂದ ಒಂದು ಗಣಪತಿಯ ಗುಡಿಯೂ ಇದೆ. ಇಡ್ಲಿಗೆ ಕೊರತೆಯಿಲ್ಲ. ಆದರೂ ನನ್ನ ಮನೆಯವಳು ಡಬ್ಬಿಗಳನ್ನು ತುಂಬಲು ಆರಂಭಿಸಿದ್ದಾಳೆ. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಕೊಬ್ಬರಿ. ತುಪ್ಪವನ್ನೂ ಪೇಡವನ್ನೂ ತೆಗೆದಿಡಿಸಿದೆವು. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥಗಳನ್ನು ತರಬಾರದೆಂದು ಅವರಲ್ಲಿ ಕಟ್ಟಳೆ. ಆಗ ಮಜ್ಜಿಗೆ ಮೆಣಸಿನಕಾಯಿಯ ಪ್ರಶ್ನೆ ಎದ್ದಿತು. ಮಗನಿಗೆ ಅದಿಲ್ಲದೆ ಮೊಸರನ್ನ ಇಳಿಯುವುದಿಲ್ಲ. ಮಜ್ಜಿಗೆಯಲ್ಲಿ ನೆನೆದು ಬಿಸಿಲಿನಲ್ಲಿ ಒಣಗಿದ ಈ ದ್ರವ್ಯವನ್ನು ಹಾಲಿನ ವಿಕಾರವೆನ್ನಬೇಕೋ, ಮೆಣಸಿನ ಸಂಸ್ಕಾರವೆನ್ನಬೇಕೋ? ಮೀಮಾಂಸೆಯ ಎರಡು ಪಕ್ಷಗಳನ್ನೂ ನಾನು ಮನೆಯವಳ ಮುಂದೆ ವಿಸ್ತಾರವಾಗಿ ಮಂಡಿಸಿದೆ. ಅವಳು ಎಲ್ಲವನ್ನೂ ಕೇಳಿ, “ಅಲ್ಲಿಯವರು ತೆಗೆದುಕೊಂಡರೆ ತೆಗೆದುಕೊಳ್ಳಲಿ. ಮಗನಿಗೆಂದು ಮಾಡಿದ್ದೇನೆ” ಎಂದು ಡಬ್ಬಿಯ ಮುಚ್ಚಳ ಬಿಗಿದಳು. ಅದನ್ನು ಪೆಟ್ಟಿಗೆಯಲ್ಲಿ ಇಡುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಹಾಳೆಯ ಕೆಳಗಿನ ಗೂಡಿನಲ್ಲಿದೆ.